ಚಾನೆಲ್‌ಗೂ ಮೀಸಲಾತಿ ಇತ್ತು

ಡಿಪ್ಲೊಮಾ ತರಗತಿಯಲ್ಲಿ ನಾವು ಓದಿದ ಬುಲೆಟಿನ್‌ಗಳನ್ನು ಕೇಳಿದವರು ಇಬ್ಬರೇ ಬಗೆಯವರು: ಮೇಷ್ಟ್ರು, ಪಕ್ಕದ ಬೆಂಚಿನವರು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹಾಗಲ್ಲ. ಅಲ್ಲಿ ಡಬ್ಲ್ಯುಯುಎಫ್‌ಟಿ ಎಂಬ ಸಾರ್ವಜನಿಕ ಟಿವಿ ಕೇಂದ್ರವನ್ನು ಪತ್ರಿಕೋದ್ಯಮ ಕಾಲೇಜೇ ನಡೆಸುತ್ತದೆ. 1958ರ ನವೆಂಬರ್‌ನಲ್ಲಿ ಗೇನ್ಸ್‌ವಿಲ್ ಊರಿನಿಂದ ಪ್ರಸಾರ ಶುರುವಾಯಿತು. ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಸುದ್ದಿ ತರುತ್ತಾರೆ, ಅನುಭವಿ ಸಂಪಾದಕರು ತಿದ್ದುತ್ತಾರೆ, ಸುತ್ತಲಿನ ಊರಿನವರು ನೋಡುತ್ತಾರೆ. ಹೆಸರು ತಪ್ಪಿದರೆ ಕಳೆಯುವುದು ಅಂಕ ಮಾತ್ರವಲ್ಲ, ಊರಿನವರು ಕೇಳುತ್ತಾರೆ.

ಇದು ಯಾರೋ ದಾನ ಕೊಟ್ಟಿದ್ದಲ್ಲ. 1920ರ ದಶಕದಲ್ಲಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ರೇಡಿಯೊ ಕೇಂದ್ರ ತೆರೆದಿದ್ದವು. ಮುಂದಿನ ದಶಕದ ಹೊತ್ತಿಗೆ ಹೆಚ್ಚಿನವು ಮುಚ್ಚಿದವು, ಇಲ್ಲವೇ ವ್ಯಾಪಾರಿಗಳ ಪಾಲಾದವು. ಟಿವಿ ಬಂದಾಗ ಅದೇ ಗತಿ ಆಗಬಾರದೆಂದು ಹಟ ಹಿಡಿದವರು ಫ್ರೀಡಾ ಹೆನಾಕ್. ಪ್ರಸಾರ ಪರವಾನಗಿ ಕೊಡುವ ಕೇಂದ್ರ ಆಯೋಗಕ್ಕೆ 1948ರಲ್ಲಿ ಬಂದ ಮೊದಲ ಮಹಿಳಾ ಸದಸ್ಯೆ. 1952ರಲ್ಲಿ ಆಯೋಗ 242 ಚಾನೆಲ್‌ಗಳನ್ನು ಶಿಕ್ಷಣಕ್ಕೆ ಮೀಸಲಿಟ್ಟಿತು. ಅದರಲ್ಲೂ ಒಂದು ಕೊಕ್ಕೆ ಇತ್ತು: 162 ಚಾನೆಲ್‌ಗಳು ಯುಎಚ್‌ಎಫ್‌ನವು, ಆಗಿನ ಹೆಚ್ಚಿನ ಟಿವಿಗಳಲ್ಲಿ ಅವು ಬರುತ್ತಲೇ ಇರಲಿಲ್ಲ. ಹೊಸ ಟಿವಿಗಳಿಗೆಲ್ಲ ಆ ಸೌಲಭ್ಯ ಇರಬೇಕೆಂಬ ಕಾನೂನು ಬಂದದ್ದು 1962ರಲ್ಲಿ. ಮೀಸಲಾತಿ ಕೊಟ್ಟು ಕುರ್ಚಿ ಕೊಡದಿರುವುದು ನಮಗೂ ಹೊಸದೇನಲ್ಲ.

ಮೀಸಲಾದ ಚಾನೆಲ್‌ನಲ್ಲಿ ಮೊದಲು ಪ್ರಸಾರ ಆರಂಭಿಸಿದ್ದು ಹ್ಯೂಸ್ಟನ್ ವಿಶ್ವವಿದ್ಯಾಲಯದ ಕೆಯುಎಚ್‌ಟಿ, 1953ರ ಮೇ 25ರಂದು. ಹಗಲು ದುಡಿಯುವವರಿಗಾಗಿ ರಾತ್ರಿ ಹೊತ್ತು ಪಾಠ ಹಾಕುತ್ತಿದ್ದರು. ಗೇನ್ಸ್‌ವಿಲ್ ಕೇಂದ್ರ ಬಂದದ್ದೂ ಇದೇ ದಾರಿಯಲ್ಲಿ.

ಈಗ ಇಂಥ ಕೇಂದ್ರಗಳಿಗೆ ಹಣದ ಪೆಟ್ಟು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ಪಡೆಯಿತು. ಚಾನೆಲ್ ಉಳಿದರೂ ಕೇಂದ್ರ ನಡೆಸುವುದು ಕಷ್ಟ.

ನಮ್ಮ ದೇಶದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಅವಕಾಶ ಸಿಕ್ಕಿದ್ದು 2002ರ ಕೊನೆಗೆ. ಆದರೆ ಅದರಲ್ಲಿ ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ನಲ್ಲಿಯಲ್ಲಿ ನೀರು ಬಿಡುವ ಸಮಯ ಹೇಳಬಹುದು. ನೀರು ಯಾಕೆ ಬರಲಿಲ್ಲ ಎಂದು ವಿದ್ಯಾರ್ಥಿಯೊಬ್ಬ ವಿಚಾರಿಸಿ ತಂದ ವರದಿಯನ್ನು ಸುದ್ದಿಯಾಗಿ ಓದುವಂತಿಲ್ಲ.