ಗಾಯಗೊಂಡವನಿಗೆ ರೇಷ್ಮೆ ಬಟ್ಟೆ

ಹರ್ತಿಯಲ್ಲಿ ಕುಳಿತು ವೃತ್ತಿಪರ ಬಾಕ್ಸಿಂಗ್ ಬಗ್ಗೆ ಬರೆಯುವುದೇ? ನಮ್ಮ ಕಡೆ ಪೈಲ್ವಾನರೆಂದರೆ ಕುಸ್ತಿಯವರೇ. ಆದರೆ ಗುದ್ದಾಟವನ್ನೇ ಕಸುಬು ಮಾಡಿಕೊಂಡವರು ನಮಗೇನೂ ದೂರದವರಲ್ಲ, ಇಲ್ಲೇ ಪೂರ್ವಕ್ಕೆ, ಹಂಪಿಯಲ್ಲಿದ್ದರು.

ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲರ ಬಗ್ಗೆ ಬರೆದಿದ್ದಾನೆ. ಏಟಿಗೆ ಹಲ್ಲು ಮುರಿಯುತ್ತಿದ್ದವು, ಕಣ್ಣು ಹೋಗುತ್ತಿದ್ದವು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಸಮಜೋಡಿ ಕಟ್ಟಲು ತೀರ್ಪುಗಾರರಿದ್ದರು. ಇಂದು ವೆಲ್ಟರ್‌ವೇಟ್ ಬಾಕ್ಸರ್‌ಗೆ 66.7 ಕಿಲೋ ಮಿತಿ ಇಟ್ಟಿರುವುದೂ ಇದಕ್ಕೇ.

ನಂತರ ಬಂದ ನೂನಿಜ್ ಇನ್ನಷ್ಟು ಹೇಳುತ್ತಾನೆ: ರಾಜನ ಬಳಿ ಸಾವಿರ ಮಲ್ಲರು, ಕೈಯಲ್ಲಿ ಮೊನೆಯುಳ್ಳ ಬಳೆ, ಬೇರೆ ಚಾಕರಿಯಿಲ್ಲ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆಯ ಇನಾಮು. ಈ ಸಾಲನ್ನು ನಾವು ಎರಡೆರಡು ಸಲ ಓದಿದೆವು. ಗೆದ್ದವನಿಗಲ್ಲ, ಪೆಟ್ಟು ತಿಂದವನಿಗೆ! ಬಟ್ಟೆಯೇನೋ ಮನೆಗೆ ಬಂತು. ಕಣ್ಣು ಹೋದವನು ಮರುವರ್ಷ ಏನು ಉಣ್ಣುತ್ತಿದ್ದ? ಇಬ್ಬರೂ ಒಬ್ಬ ಮಲ್ಲನ ಹೆಸರನ್ನೂ ಬರೆದಿಲ್ಲ.

ಮೈಸೂರಲ್ಲಿ ವಜ್ರಮುಷ್ಟಿ ಕಾಳಗ ಇನ್ನೂ ಉಳಿದಿದೆ. ವಿಜಯದಶಮಿಯಂದು ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರಾಗುತ್ತಾರೆ. ತಲೆಯಿಂದ ರಕ್ತ ಚಿಮ್ಮಿತೋ, ಆಟ ಮುಗಿಯಿತು. ಮರುದಿನದ ಪತ್ರಿಕೆಯಲ್ಲಿ ಆ ಜಟ್ಟಿಗಳ ಹೆಸರು, ಊರು ಎರಡೂ ಇರುತ್ತವೆ.