ಅಳಿಯುವ ಬರಹ, ಉಳಿಯುವ ಬರಹ: ದೂರಪಾಠದಲ್ಲಿ ಉಪಾಧ್ಯಾಯನ ನಿತ್ಯೋಪಕರಣಗಳು

೧

ನಮ್ಮ ನಾಡಿನ ವಿದ್ಯಾಭ್ಯಾಸದ ಇತಿಹಾಸವನ್ನು ಬರೆದ ವಿದ್ವಾಂಸರು ಅಗ್ರಹಾರ, ಘಟಿಕಾಸ್ಥಾನ, ಬ್ರಹ್ಮಪುರಿ, ಮಠ ಇವುಗಳ ವಿಷಯವಾಗಿ ಶಾಸನಾಧಾರಗಳನ್ನು ಬಹು ಶ್ರಮದಿಂದ ಸಂಗ್ರಹಿಸಿರುತ್ತಾರೆ. ಅಧ್ಯಾಪಕನಿಗೆ ದತ್ತಿಯಾಗಿ ಬಿಟ್ಟ ಭೂಮಿ ಎಷ್ಟು ಮತ್ತರು, ಅದರ ಎಲ್ಲೆಗಳು ಯಾವುವು ಎಂಬುದನ್ನು ಸಹ ಅನೇಕ ಕಡೆಗಳಲ್ಲಿ ನಾವು ಹೇಳಬಲ್ಲೆವು. ಆದರೆ ಆ ಅಧ್ಯಾಪಕನ ಕೈಯಲ್ಲಿ ಏನಿದ್ದಿತು, ಅವನು ಯಾವುದರ ಮೇಲೆ ಬರೆದು ತೋರಿಸುತ್ತಿದ್ದನು, ಬರೆದುದನ್ನು ಯಾವುದರಿಂದ ಒರೆಸುತ್ತಿದ್ದನು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಇವು ಅಲ್ಪವಿಷಯಗಳೆಂದು ತೋರುವುದು ಸಹಜವೇ. ೨೦೨೦ನೆಯ ಇಸವಿಯಲ್ಲಿ ಮಹಾಮಾರಿಯ ನಿಮಿತ್ತ ಪಾಠಶಾಲೆಗಳ ಬಾಗಿಲು ಮುಚ್ಚಿ, ಉಪಾಧ್ಯಾಯರು ತಮ್ಮ ತಮ್ಮ ಮನೆಗಳಿಂದಲೇ ದೂರಸ್ಥರಾದ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕಾಗಿ ಬಂದಾಗ ಈ ಅಲ್ಪವಿಷಯವೇ ಮುಖ್ಯವಿಷಯವಾಗಿ ಪರಿಣಮಿಸಿತು.

ಉಪಾಧ್ಯಾಯನ ಬರವಣಿಗೆಯ ಸಾಧನಗಳು ಎರಡು ವರ್ಗಗಳಾಗಿರುತ್ತವೆ. ಓಲೆಗರಿ, ಕಂಠ, ಕಾಗದ, ಮಸಿ ಇವು ಉಳಿಯುವ ಬರಹಕ್ಕಾಗಿ ಇರುವುವು. ಮರಳು, ಹಲಗೆ, ಕಡತ, ಬಳಪ ಇವು ಅಳಿಯುವ ಬರಹಕ್ಕಾಗಿ ಇರುವುವು. ಮೊದಲನೆಯ ವರ್ಗವು ವಿದ್ಯೆಯ ಫಲವನ್ನು ಕಾಪಾಡುತ್ತದೆ. ಎರಡನೆಯದು ವಿದ್ಯೆಯ ಕ್ರಮವನ್ನು ಕಣ್ಣಿಗೆ ಕಾಣಿಸುತ್ತದೆ. ದೂರದ ಶಿಷ್ಯನಿಗೆ ಶತಮಾನಗಳ ಕಾಲ ಮೊದಲನೆಯ ವರ್ಗವು ಮಾತ್ರವೇ ತಲುಪುತ್ತಿದ್ದಿತು. ಎರಡನೆಯದು ಈಚೆಗೆ, ಅದೂ ಮನೆಯ ಹಗ್ಗ, ಹಲಗೆ, ಪಾತ್ರೆಗಳ ಸಹಾಯದಿಂದ ತಲುಪುವಂತಾಯಿತು. ಇದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಅಳಿಯುವ ಬರಹದ ಪ್ರಾಚೀನತೆಗೆ ಶಬ್ದಗಳೇ ಸಾಕ್ಷಿಯಾಗಿವೆ. ಅಂಕಗಣಿತಕ್ಕೆ ಸಂಸ್ಕೃತದಲ್ಲಿ ‘ಪಾಟೀಗಣಿತ’ವೆಂದು ಹೆಸರು, ಪಾಟಿಯೆಂದರೆ ಹಲಗೆ. ಉತ್ತರ ಕರ್ನಾಟಕದಲ್ಲಿ ಮಕ್ಕಳ ಸ್ಲೇಟಿಗೆ ಇಂದಿಗೂ ‘ಪಾಟಿ’ಯೆಂದೇ ಹೇಳುತ್ತಾರೆ. ಅದೇ ಗಣಿತಕ್ಕೆ ‘ಧೂಳೀಕರ್ಮ’ವೆಂಬ ಮತ್ತೊಂದು ಹೆಸರೂ ಉಂಟು. ಹಲಗೆಯ ಮೇಲೆಯೋ ನೆಲದ ಮೇಲೆಯೋ ಧೂಳನ್ನು ಹರಡಿ, ಅಂಕಗಳನ್ನು ಬರೆದು, ಲೆಕ್ಕವು ಮುಂದುವರಿದಂತೆ ಹಿಂದಿನ ಅಂಕವನ್ನು ಅಳಿಸಿ ಹೊಸದನ್ನು ಸ್ಥಾಪಿಸುವುದು ಅದರ ರೀತಿ. ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಸೂತ್ರವಿದೆ, ಉದಾಹರಣೆಯಿದೆ. ಆದರೆ ಕೈಯಿಂದ ಅಂಕಗಳನ್ನು ಬರೆದು ಅಳಿಸುತ್ತ ಹೋಗುವ ಕ್ರಿಯೆಯು ಓಲೆಯಲ್ಲಿ ಉಳಿಯುವಂಥದಲ್ಲ. ಅದು ಧೂಳಿನಲ್ಲಿ ನಡೆದು ಧೂಳಿನಲ್ಲಿಯೇ ಲೀನವಾಯಿತು. ಈ ಲೆಕ್ಕದ ಕ್ರಮವು ಅರಬ್ಬರ ನಾಡನ್ನು ಸೇರಿದಾಗಲೂ ಧೂಳಿನ ಹಲಗೆಯು ಅದರ ಜೊತೆಯಲ್ಲಿಯೇ ಇದ್ದಿತು. ಆ ಹಲಗೆಯನ್ನು ಬಿಟ್ಟು ಕಾಗದ ಮಸಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಅಲ್-ಉಕ್ಲೀದಿಸೀ ಎಂಬ ಗಣಿತಜ್ಞನು ದಮಾಸ್ಕಸ್ ನಗರದಲ್ಲಿ ಕ್ರಿ. ಶ. ೯೫೨ರ ಸುಮಾರಿನಲ್ಲಿ ವಿವರಿಸಿದನು.

ಕ್ರಿ. ಶ. ೧೦೩೦ರ ಸುಮಾರಿನಲ್ಲಿ ಭಾರತವರ್ಷದ ವಿಷಯವಾಗಿ ಗ್ರಂಥವನ್ನು ಬರೆದ ಅಲ್-ಬೀರೂನಿಯು, ಇಲ್ಲಿಯ ಶಾಲೆಗಳಲ್ಲಿ ಮಕ್ಕಳು ಕರಿಯ ಹಲಗೆಯ ಮೇಲೆ ಬಿಳಿಯ ವಸ್ತುವಿನಿಂದ, ಹಲಗೆಯ ಉದ್ದಕ್ಕೆ, ಎಡದಿಂದ ಬಲಕ್ಕೆ ಬರೆಯುತ್ತಾರೆಂದು ತಿಳಿಸಿರುತ್ತಾನೆ. ಯೂರೋಪಿನ ಶಾಲೆಗಳಲ್ಲಿ ಗೋಡೆಯ ಕರಿಹಲಗೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಾರಕ್ಕೆ ಬಂದಿತೆಂಬುದನ್ನು ನೆನೆದರೆ ಈ ಒಂದು ವಾಕ್ಯದ ಬೆಲೆಯು ಗೊತ್ತಾಗುವುದು.

ಕನ್ನಡನಾಡಿಗೇ ಸಂಬಂಧಿಸಿದ ಸಾಕ್ಷ್ಯವು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ಪೋರ್ತುಗೀಜ ರಾಯಭಾರಿಯ ಜೊತೆಯಲ್ಲಿ ೧೬೨೩ನೆಯ ನವೆಂಬರ್ ತಿಂಗಳಲ್ಲಿ ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋಗುತ್ತಿದ್ದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ನಯವಾದ ಮರಳನ್ನು ಹರಡಿ, ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಬರೆಯುವರು. ಜಾಗ ತುಂಬಿದೊಡನೆ ಅಳಿಸಿ, ಬೇಕಾದರೆ ಹೊಸ ಮರಳನ್ನು ಚೆಲ್ಲಿಕೊಳ್ಳುವರು. ತಪ್ಪಿದರೆ ತಿದ್ದುವವರು ಯಾರೆಂದು ಪ್ರವಾಸಿಯು ಕೇಳಿದನು, ಅಲ್ಲಿ ಗುರುವಿರಲಿಲ್ಲ. ತಾವು ನಾಲ್ವರೂ ವಿದ್ಯಾರ್ಥಿಗಳೇ, ಒಂದೇ ತೊಡಕು ನಾಲ್ವರಿಗೂ ಒಮ್ಮೆಗೇ ಬರಲಾರದು, ಒಬ್ಬನು ಮರೆತುದನ್ನು ಮತ್ತೊಬ್ಬನು ಹೇಳಿಕೊಡುವನು, ಅದಕ್ಕಾಗಿಯೇ ಕೂಡಿ ಅಭ್ಯಾಸ ಮಾಡುತ್ತೇವೆ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಗುರುವು ಇಲ್ಲದೆಡೆಯಲ್ಲಿಯೂ ಪಾಠವು ನಡೆಯುವಂತೆ ಮಾಡಿದ ಉಪಕರಣವು ಒಂದು ಹಿಡಿ ಮರಳು.

ಎರಡು ನೂರು ವರ್ಷಗಳ ಅನಂತರ, ಮದರಾಸಿನ ಗವರ್ನರಾಗಿದ್ದ ಮನ್ರೋ ಸಾಹೇಬರು ನಡೆಸಿದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ನೆಯ ಆಗಸ್ಟಿನಲ್ಲಿ ಒಂದು ವರದಿಯನ್ನು ಬರೆದನು. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಮಗುವು ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದಿ, ಕೈ ಕುದುರಿದ ಮೇಲೆ ಓಲೆಗೋ ಕಾಗದಕ್ಕೋ ಹಲಗೆಗೋ ಕಡತಕ್ಕೋ ಏರುತ್ತಿದ್ದಿತೆಂದು ಅವನು ಹೇಳುತ್ತಾನೆ. ಹಲಗೆಯು ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿಗಿಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ ಇದ್ದಲು ಮತ್ತು ಅಂಟುಗಳ ಲೇಪವನ್ನು ಕೊಟ್ಟದ್ದು. ಹುಣಿಸೆಬೀಜದ ಸರಿಯಿಂದ ಈ ಲೇಪವನ್ನು ಮಾಡುವ ಪದ್ಧತಿಯು ನಮ್ಮಲ್ಲಿ ಪ್ರಸಿದ್ಧವಾಗಿದೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರೆಸುತ್ತಿದ್ದರು. ಈ ಮಿತವ್ಯಯವನ್ನೂ, ಬಲ್ಲ ಮಕ್ಕಳಿಂದ ಅರಿಯದ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಕ್ಯಾಂಬೆಲನು ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯೋಗ್ಯವೇ ಎಂದಿರುತ್ತಾನೆ. ಮದರಾಸಿನ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ಲನು ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ಅದನ್ನು ತನ್ನ ಶಾಲೆಗೆ ತಂದುಕೊಂಡು, ೧೭೯೭ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗವನ್ನು ಪ್ರಕಟಿಸಿದ್ದನು.

೩

ಇನ್ನು ದೂರಪಾಠದ ವಿಚಾರ. ದೂರದ ಶಿಷ್ಯನಿಗೆ ಮರಳನ್ನು ಕಳುಹಿಸಬಹುದು. ಮರಳಿನ ಮೇಲೆ ಆಡುವ ಬೆರಳನ್ನು ಕಳುಹಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಅವನ ಪಾಲಿಗೆ ಬಂದುದು ಓಲೆಯೊಂದೇ. ಕನ್ನಡದಲ್ಲಿ ಪತ್ರಕ್ಕೂ ಗ್ರಂಥದ ಗರಿಗೂ ಈ ಒಂದೇ ಹೆಸರು ಸಲ್ಲುತ್ತದೆ. ನಮ್ಮ ವ್ಯಾಖ್ಯಾನಕಾರರು ಪದವನ್ನು ಬಿಡಿಸಿ, ಅನ್ವಯವನ್ನು ಕೂಡಿಸಿ, ವ್ಯಾಕರಣವನ್ನು ಸೂಚಿಸುವುದನ್ನು ನೋಡಿದರೆ, ಎದುರಿಗಿಲ್ಲದ ವಿದ್ಯಾರ್ಥಿಯ ಸಂದೇಹಗಳನ್ನು ಮುಂದಾಗಿಯೇ ಊಹಿಸಿ ಬರೆದಿರುವುದು ಸ್ಪಷ್ಟವಾಗುತ್ತದೆ. ಆದರೂ ವ್ಯಾಖ್ಯಾನವು ಫಲವನ್ನು ತೋರಿಸುವುದೇ ಹೊರತು ಕೈಯನ್ನು ತೋರಿಸಲಾರದು.

ಅಂಚೆಯು ಸುಲಭವಾದ ಮೇಲೆ ಈ ಮಾರ್ಗವು ವಿಸ್ತಾರವಾಯಿತು. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆಯು ಪ್ರಾರಂಭವಾದೊಡನೆ ಐಸಾಕ್ ಪಿಟ್‌ಮನ್ನನು ತನ್ನ ಶೀಘ್ರಲಿಪಿಯನ್ನು ಪತ್ರಗಳ ಮೂಲಕ ಕಲಿಸಿ, ವಿದ್ಯಾರ್ಥಿಗಳು ಬರೆದು ಕಳುಹಿಸಿದುದನ್ನು ತಿದ್ದಿ ಹಿಂದಿರುಗಿಸುತ್ತಿದ್ದನು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೂ ಅಂಚೆ ಶಿಕ್ಷಣವನ್ನು ಆರಂಭಿಸಿದುವು. ಮೈಸೂರಿನ ಆ ಸಂಸ್ಥೆಯೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಲ್ಲಿ ಉಪಾಧ್ಯಾಯನ ಸಾಧನಗಳು ಅಚ್ಚಾದ ಪಾಠ, ಲಕೋಟೆ, ಕೆಂಪು ಮಸಿ.

ಧ್ವನಿಯು ದೂರಕ್ಕೆ ಹೋದುದು ಮುಂದಿನ ಹೆಜ್ಜೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ‘ಆಕಾಶವಾಣಿ’ಯು ಕನ್ನಡಿಗರಿಗೆ ಸುಪರಿಚಿತವಾಗಿದೆ. ಕೈಯು ದೂರಕ್ಕೆ ಹೋದುದು ದೂರದರ್ಶನದಿಂದ. ೧೯೭೫ನೆಯ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಿಗೆ ಪಾಠಗಳು ಬಿತ್ತರವಾದುವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರದ ಕಡೆಯ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಆಗ ಮಗುವು ಬರೆಯುವ ಕೈಯನ್ನು ನೋಡಬಹುದಾಗಿದ್ದಿತು. ಮಗುವಿನ ಕೈಯನ್ನು ಮಾತ್ರ ಉಪಾಧ್ಯಾಯನು ನೋಡುವಂತಿರಲಿಲ್ಲ. ೨೦೨೦ನೆಯ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಪ್ರಾರಂಭವಾದ ಪಾಠಗಳಿಗೂ ಇದೇ ಮಿತಿಯಿದ್ದಿತು.

೪

ಅದೇ ಕಾಲದಲ್ಲಿ ಮೊಬೈಲು ಫೋನು ಎರಡು ದಿಕ್ಕಿನ ದರ್ಶನವನ್ನು ಒದಗಿಸಿತು. ಆದರೆ ಆ ಯಂತ್ರವು ಮುಖವನ್ನು ನೋಡುವುದಕ್ಕಾಗಿ ನಿರ್ಮಿತವಾದುದು. ಕೈಯನ್ನು ನೋಡಬೇಕಾದರೆ ಅದು ಮೇಲಿನಿಂದ ಕೆಳಕ್ಕೆ ನೋಡಬೇಕು. ಈ ಕೊರತೆಯನ್ನು ಉಪಾಧ್ಯಾಯರು ಮನೆಯ ಸಾಮಾನುಗಳಿಂದ ನೀಗಿಕೊಂಡರು. ಪುಣೆಯ ಒಬ್ಬ ರಸಾಯನಶಾಸ್ತ್ರದ ಅಧ್ಯಾಪಕಿಯು ಬಟ್ಟೆ ತೂಗುಹಾಕುವ ಹ್ಯಾಂಗರಿಗೆ ಫೋನನ್ನು ಕಟ್ಟಿ, ಕುರ್ಚಿಯ ಆಧಾರದಿಂದ ನೇತುಹಾಕಿ ಹಲಗೆಯ ಮೇಲೆ ಬರೆದು ತೋರಿಸಿದರು. ಮತ್ತೊಬ್ಬ ಉಪಾಧ್ಯಾಯಿನಿಯು ಶೀತಪೆಟ್ಟಿಗೆಯ ಪಾರದರ್ಶಕ ತಟ್ಟೆಯನ್ನು ಎರಡು ಡಬ್ಬಗಳ ಮೇಲಿಟ್ಟು, ಅದರ ಮೇಲೆ ಫೋನನ್ನಿರಿಸಿ, ಕೆಳಗೆ ಕಾಗದದಲ್ಲಿ ಬರೆದರು. ಈ ಚಿತ್ರಗಳು ಆಗ ದೇಶದಲ್ಲೆಲ್ಲ ಹರಡಿದುವು. ಅನೇಕರು ಅವುಗಳಲ್ಲಿ ಕಂಡುದು ಜಾಣ್ಮೆಯನ್ನು. ಇತಿಹಾಸದ ದೃಷ್ಟಿಯಿಂದ ನೋಡುವವನಿಗೆ ಅಲ್ಬೀರೂನಿಯ ಕರಿಹಲಗೆಯು ದೂರದ ಶಿಷ್ಯನ ಮುಂದೆ ಬಂದು ನಿಂತುದು ಕಾಣುವುದು.

ಈ ಮಾತಿಗೆ ನನ್ನ ಸ್ವಾನುಭವವೂ ಇದೆ. ಆ ವರ್ಷ ನಾನು ಕೆಲವು ವಿದ್ಯಾರ್ಥಿಗಳಿಗೆ ಫೋನಿನ ಮೂಲಕ ಛಂದಶ್ಶಾಸ್ತ್ರದ ಪಾಠವನ್ನು ಹೇಳುತ್ತಿದ್ದೆನು. ಮೂರು ಅಕ್ಷರಗಳ ಪ್ರಸ್ತಾರವನ್ನು ಕಾಗದದಲ್ಲಿ ಬರೆದು ಅದರ ಭಾವಚಿತ್ರವನ್ನು ಕಳುಹಿಸಿದೆನು. ಮರುದಿನ ಎಲ್ಲರೂ ಎಂಟು ಸಾಲುಗಳನ್ನು ತಪ್ಪಿಲ್ಲದೆ ಬರೆದು ತೋರಿಸಿದರು. ನಾಲ್ಕು ಅಕ್ಷರಗಳ ಪ್ರಸ್ತಾರವನ್ನು ಬರೆಯಿರೆಂದಾಗ ಒಬ್ಬರಿಗೂ ಸಾಧ್ಯವಾಗಲಿಲ್ಲ. ಅವರು ಫಲವನ್ನು ನಕಲು ಮಾಡಿದ್ದರು. ಮೊದಲ ಗುರುವಿನ ಕೆಳಗೆ ಲಘುವನ್ನಿಟ್ಟು, ಬಲಗಡೆಯನ್ನು ಮೇಲಿನಂತೆಯೇ ಇಳಿಸಿ, ಎಡಗಡೆಯನ್ನು ಗುರುಗಳಿಂದ ತುಂಬುವ ಕೈಯ ನಡೆಯನ್ನು ಅವರು ಕಂಡಿರಲಿಲ್ಲ. ಆಗ ನಿಘಂಟಿನ ಸಂಪುಟಗಳನ್ನು ಎರಡು ಕಡೆ ಒಂದು ಮೊಳ ಎತ್ತರಕ್ಕೆ ಪೇರಿಸಿ, ಮನೆಯಲ್ಲಿ ಬರಿದಾಗಿ ಬಿದ್ದಿದ್ದ ಓಲೆಗ್ರಂಥದ ಎರಡು ಮರದ ಪಟ್ಟಿಗಳನ್ನು ಅಡ್ಡವಾಗಿಟ್ಟು, ಅವುಗಳ ನಡುವೆ ಫೋನಿನ ಕಣ್ಣು ಕೆಳಗೆ ನೋಡುವಂತೆ ಮಾಡಿ, ಕೆಳಗೆ ಕರಿಹಲಗೆಯನ್ನಿಟ್ಟೆನು. ಒಂದೊಂದೇ ಸಾಲನ್ನು ಬರೆದು, ಒದ್ದೆಬಟ್ಟೆಯಿಂದ ಒರೆಸಿ, ಅಳಿದ ಸಾಲನ್ನು ಅವರಿಂದಲೇ ಹೇಳಿಸಿದೆನು. ಅಂದಿನ ಪಾಠದ ಕೊನೆಗೆ ಹದಿನಾರು ಸಾಲುಗಳೂ ಅವರ ಕೈಯಿಂದಲೇ ಇಳಿದುವು. ಸಂಖ್ಯೆಯನ್ನು ಮಾತ್ರ ಹೇಳಿ ಸಾಲನ್ನು ಕಂಡುಹಿಡಿಯುವ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ‘ನಷ್ಟ’ವೆಂದು ಹೆಸರಿಟ್ಟಿದ್ದಾರೆ. ಆ ಶಬ್ದವನ್ನು ಮೂವತ್ತು ವರ್ಷಗಳಿಂದ ಹೇಳಿಕೊಡುತ್ತಿದ್ದರೂ ಅದರ ಹಿಂದೆ ಒರೆಸಿದ ಹಲಗೆಯೊಂದು ಇರಬೇಕೆಂದು ನನಗೆ ಹೊಳೆದುದು ಅಂದೇ.

ಆದರೆ ಒಂದು ಅಂಶವನ್ನು ಮರೆಮಾಚಬಾರದು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನ ಮನೆಯಲ್ಲಿ ಇದ್ದುದು ಒಂದೇ ಫೋನು. ತಂದೆಯು ಕೆಲಸಕ್ಕೆ ಹೊರಟಾಗ ಅದೂ ಹೊರಟುಹೋಗುತ್ತಿದ್ದಿತು. ಆ ಹುಡುಗನು ಪ್ರಸ್ತಾರದ ಪಾಠಕ್ಕೆ ಬರಲಿಲ್ಲ. ಅನಂತರ ಯಾವ ಪಾಠಕ್ಕೂ ಬರಲಿಲ್ಲ. ಸರ್ಕಾರವು ೨೦೨೦ನೆಯ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಿಂದ ಉಪಾಧ್ಯಾಯರನ್ನೇ ಮಕ್ಕಳಿದ್ದ ಕಡೆಗೆ ಕಳುಹಿಸಿ, ಗುಡಿಯ ಜಗಲಿ, ಮರದ ನೆರಳು ಮುಂತಾದ ಎಡೆಗಳಲ್ಲಿ ಪಾಠವನ್ನು ನಡೆಸಿದುದು ಇಂಥವರಿಗಾಗಿಯೇ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಘಟ್ಟದ ಜಗಲಿಯ ನಾಲ್ವರು ಹುಡುಗರಿಗೆ ಮರಳು ಬಿಟ್ಟಿಯಾಗಿ ದೊರೆಯುತ್ತಿದ್ದಿತು, ಒಬ್ಬರಿಗೊಬ್ಬರು ಜೊತೆಯಿದ್ದರು. ೨೦೨೦ರ ಮಗುವಿಗೆ ಉಪಕರಣಕ್ಕೆ ಬೆಲೆ ಕೊಡಬೇಕಾಗಿದ್ದಿತು. ಕೊಟ್ಟ ಮೇಲೆಯೂ ಅದು ಒಬ್ಬಂಟಿಯಾಗಿಯೇ ಕುಳಿತಿದ್ದಿತು.

೫

ಕಡೆಯದಾಗಿ ಒಂದು ವಿಜ್ಞಾಪನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಸಂಶೋಧಕರಿಗೆ ಉಪಯೋಗವಾಗುತ್ತಿವೆ. ಲೆಕ್ಕಪತ್ರಗಳಾದುದರಿಂದ ಅವು ಉಳಿದುವು. ಶಾಲೆಯ ಹುಡುಗನ ಕಡತವು ಪ್ರತಿದಿನವೂ ಒರೆಸಿಹೋಗಿ ಕೊನೆಗೆ ಹರಿದುಹೋಯಿತು. ಈಗ ಕಚೇರಿಯ ಫೈಲಿಗೆ ಆ ಹೆಸರು ಮಾತ್ರ ನಿಂತಿದೆ. ನಾಶವಿಲ್ಲದುದೆಂಬ ಅರ್ಥದ ‘ಅಕ್ಷರ’ವನ್ನು ನಮ್ಮ ಹಿರಿಯರು ಕಲಿತುದು ನಾಶವಾಗುವ ಸಾಧನಗಳಿಂದ; ಆ ಸಾಧನಗಳ ಇತಿಹಾಸಕ್ಕಾಗಿ ನಾವು ಹೊರದೇಶದ ಪ್ರವಾಸಿಯನ್ನೂ ಕಲೆಕ್ಟರನನ್ನೂ ಆಶ್ರಯಿಸಬೇಕಾಗಿದೆ. ೨೦೨೦ರ ಉಪಕರಣಗಳಿಗೂ ಇದೇ ಗತಿಯು ಒದಗುತ್ತಿದೆ. ಹಗ್ಗವು ಬಟ್ಟೆ ಒಣಗಿಸಲು ಮರಳಿತು, ಡಬ್ಬವು ಅಡಿಗೆಮನೆಗೆ ಹೋಯಿತು, ನನ್ನ ಓಲೆಪಟ್ಟಿಗಳು ಮತ್ತೆ ಅಟ್ಟವನ್ನು ಸೇರಿವೆ. ಅಧ್ಯಾಪಕರಾದ ವಾಚಕಮಹಾಶಯರು ತಾವು ಅಂದು ಯಾವ ವಸ್ತುವನ್ನು ಹೇಗೆ ಉಪಯೋಗಿಸಿದಿರಿ, ಯಾವ ಪಾಠಕ್ಕೆ ಅದು ಒದಗಿತು, ಯಾವ ಪಾಠಕ್ಕೆ ಒದಗಲಿಲ್ಲ, ಯಾವ ಮಗುವನ್ನು ಅದು ತಲುಪಲಿಲ್ಲ ಎಂಬುದನ್ನು ಅಳತೆ ಸಹಿತವಾಗಿ ಬರೆದು, ಸಾಧ್ಯವಾದರೆ ಒಂದು ರೇಖಾಚಿತ್ರವನ್ನೂ ಸೇರಿಸಿ, ತಮ್ಮ ಶಾಲೆಯ ದಾಖಲೆಗಳೊಡನೆ ಇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಕ್ಯಾಂಬೆಲನು ಹಲಗೆಯ ಉದ್ದಗಲಗಳನ್ನು ಬರೆದಿಟ್ಟುದರಿಂದಲೇ ನಾವು ಇಂದು ಅದನ್ನು ತಿಳಿದಿದ್ದೇವೆ.