ಹಡಗಿನ ಕಟಕಟೆಯಿಂದ ಕಾಕ್‌ಪಿಟ್‌ವರೆಗೆ

1811ರಲ್ಲಿ ಕಲ್ಕತ್ತೆಯಲ್ಲಿ ಒಂದು ನಿಘಂಟು ಅಚ್ಚಾಯಿತು. ಹಡಗಿನ ಹಗ್ಗ, ಹಾಯಿ, ಕಂಬ, ಲಂಗರು, ಚುಕ್ಕಾಣಿಗಳ ಇಂಗ್ಲಿಷ್ ಹೆಸರುಗಳು ಒಂದು ಕಡೆ. ಅವಕ್ಕೆ ಇಲ್ಲಿನ ನಾವಿಕರು ಬಳಸುತ್ತಿದ್ದ ಹಿಂದೂಸ್ತಾನಿ ಮಾತುಗಳು ಇನ್ನೊಂದು ಕಡೆ. ಸಿದ್ಧಪಡಿಸಿದವರು ಥಾಮಸ್ ರೋಬಕ್ ಎಂಬ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ. ಭಾರತೀಯ ನಾವಿಕರ ಮಾತನ್ನು ಇಂಗ್ಲಿಷ್ ಅಧಿಕಾರಿಗಳಿಗೆ ಕಲಿಸುವುದು ಪುಸ್ತಕದ ಉದ್ದೇಶವಾಗಿತ್ತು.

ಅಂದಿನ ಬ್ರಿಟಿಷ್ ಹಡಗುಗಳಲ್ಲಿ ಮೈಮುರಿದು ದುಡಿಯುತ್ತಿದ್ದವರಲ್ಲಿ ಲಸ್ಕರ್‌ಗಳೆಂಬ ಭಾರತೀಯ ನಾವಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಸಿಲ್ಹೆಟ್, ಗುಜರಾತ್, ಕೊಂಕಣ, ಗೋವೆಗಳಿಂದ ಹೋದವರು ಇವರು. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅವರ ಸಂಖ್ಯೆ 50 ಸಾವಿರ ದಾಟಿತ್ತು. ಹಿಂದೂಸ್ತಾನಿ, ಪೋರ್ಚುಗೀಸ್, ಪರ್ಶಿಯನ್, ಅರಬ್ಬಿ ಬೆರೆತ ಅವರ ಮಾತಿಗೆ ಲಸ್ಕರಿ ಎಂದೇ ಹೆಸರು. ಹಡಗಿನ ಮುಂಭಾಗ ಆಗಿಲ್, ಹಿಂಭಾಗ ಪೀಛಿಲ್. ಬಲಗಡೆ ಜಮ್ನಾ, ಎಡಗಡೆ ಡಾವಾ. ತಂಡದ ಮೇಲ್ವಿಚಾರಕ ಸೇರಂಗ್, ಅವನ ಕೈಕೆಳಗಿನವನು ತಿಂಡಾಲ್. ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳ ಮುಖ್ಯಸ್ಥನನ್ನು ಇವತ್ತಿಗೂ ತಾಂಡೇಲ ಎಂದು ಕರೆಯುವುದು ಇದೇ ಬಳಗದ ಮಾತಿನಿಂದ. ನಡುರಾತ್ರಿ ಬಿರುಗಾಳಿ ಎದ್ದಾಗ ಹಾಯಿ ಇಳಿಸಬೇಕಾದವರು ಲಸ್ಕರ್‌ಗಳಾದ್ದರಿಂದ ಅಪ್ಪಣೆಯೂ ಅವರಿಗೆ ತಿಳಿಯುವ ಮಾತಿನಲ್ಲೇ ಹೋಗಬೇಕಿತ್ತು. ರೋಬಕ್‌ನ ನಿಘಂಟು ಪರಿಷ್ಕಾರಗೊಂಡು 1882ರಲ್ಲಿ ಲಂಡನ್ನಿನಲ್ಲಿ ಮತ್ತೆ ಪ್ರಕಟವಾಯಿತು.

ಲಾಜಿಸ್ಟಿಕ್ಸ್, ಸಾರಿಗೆ ಓದುವ ಹುಡುಗ ಹುಡುಗಿಯರಿಗೆ ಇಂದು ಇಂಗ್ಲಿಷ್ ಪದಪಟ್ಟಿಗಳನ್ನು ಬಾಯಿಪಾಠ ಮಾಡಿಸುವಾಗ ಈ ಹಿನ್ನೆಲೆಯನ್ನು ಯಾರೂ ಹೇಳುವುದಿಲ್ಲ. ಬಿಲ್ ಆಫ್ ಲೇಡಿಂಗ್, ಎಫ್‌ಒಬಿ, ಸ್ಟಾರ್‌ಬೋರ್ಡ್, ರೋಜರ್, ಮೇಡೇ ಎಲ್ಲವೂ ಪರೀಕ್ಷೆಗೆ ಬರುವ ಪದಗಳಾಗಿ ಮುಗಿದುಹೋಗುತ್ತವೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಇಂಗ್ಲಿಷರ ಸೊತ್ತು, ತಾವು ಹೊರಗಿನವರು ಎನಿಸುವುದು ಸಹಜ. ಆದರೆ ಸಾರಿಗೆಯ ಇಂಗ್ಲಿಷ್ ಯಾರ ಮನೆಮಾತೂ ಅಲ್ಲ. ವ್ಯಾಜ್ಯಗಳು ಮತ್ತು ಸಾವುಗಳು ಅದನ್ನು ಪದಪದವಾಗಿ ಕೆತ್ತಿವೆ, ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಅದನ್ನು ಹೊಸದಾಗಿ ಕಲಿತಿದ್ದಾರೆ.

ಹಡಗಿನ ಎಡ ಬಲಗಳನ್ನೇ ನೋಡಬಹುದು. ಹಳೆಯ ಇಂಗ್ಲಿಷ್ ನಾವಿಕರಿಗೆ ಬಲಗಡೆ ಸ್ಟಾರ್‌ಬೋರ್ಡ್, ಎಡಗಡೆ ಲಾರ್‌ಬೋರ್ಡ್. ಗಾಳಿಯ ಭೋರ್ಗರೆತದಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾ ಇಲಾಖೆ ಲಾರ್‌ಬೋರ್ಡನ್ನು ಕೈಬಿಟ್ಟು ಪೋರ್ಟ್ ಎನ್ನಬೇಕೆಂದು ಆಜ್ಞೆ ಹೊರಡಿಸಿತು. ಹೀಗಿದ್ದೂ ತೊಡಕು ಪೂರ್ತಿ ಕಳೆಯಲಿಲ್ಲ. ಚುಕ್ಕಾಣಿಯ ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ಹಡಗಿನ ಮೂತಿ ಎಡಕ್ಕೆ ತಿರುಗುತ್ತದೆ. ಹಿಡಿಕೆ ಹೋಗಿ ಚಕ್ರ ಬಂದ ಮೇಲೂ ಅಪ್ಪಣೆ ಮಾತ್ರ ಹಿಡಿಕೆಯ ಲೆಕ್ಕದಲ್ಲೇ ಉಳಿದಿತ್ತು. 1912ರ ಏಪ್ರಿಲ್ ರಾತ್ರಿ ಟೈಟಾನಿಕ್ ಎದುರು ಹಿಮಗಡ್ಡೆ ಕಂಡಾಗ ಅಧಿಕಾರಿ ಮರ್ಡಾಕ್ ಕೊಟ್ಟ ಅಪ್ಪಣೆ ‘ಹಾರ್ಡ್ ಎ-ಸ್ಟಾರ್‌ಬೋರ್ಡ್’. ಹಡಗು ತಿರುಗಿದ್ದು ಎಡಕ್ಕೆ. ಅದು ತಪ್ಪಲ್ಲ, ಅಂದಿನ ಪದ್ಧತಿಯೇ ಹಾಗಿತ್ತು. ಯಾವ ಕಡೆ ಹೇಳಿದರೆ ಆ ಕಡೆಗೇ ತಿರುಗಬೇಕೆಂಬ ನಿಯಮ ಬ್ರಿಟಿಷ್ ಹಡಗುಗಳಿಗೆ ಬಂದದ್ದು 1930ರ ದಶಕದಲ್ಲಿ.

ದಡದ ಮೇಲಿನ ವ್ಯಾಪಾರಿಗಳ ಗೊಂದಲ ಬೇರೆಯದು. ಎಫ್‌ಒಬಿ (ಫ್ರೀ ಆನ್ ಬೋರ್ಡ್) ದರಕ್ಕೆ ಮಾರಿದ ಸರಕು ಎಲ್ಲಿಯವರೆಗೆ ಮಾರಿದವನ ಹೊಣೆ, ಎಲ್ಲಿಂದ ಕೊಂಡವನ ಹೊಣೆ? ಒಂದು ದೇಶದಲ್ಲಿ ಒಂದು ಅರ್ಥ, ಇನ್ನೊಂದು ದೇಶದಲ್ಲಿ ಇನ್ನೊಂದು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1920ರ ದಶಕದಲ್ಲಿ ಈ ವ್ಯತ್ಯಾಸಗಳನ್ನು ಕಲೆಹಾಕಿ 1936ರಲ್ಲಿ ಇನ್‌ಕೋಟರ್ಮ್ಸ್ ಎಂಬ ಮೊದಲ ನಿಯಮಾವಳಿ ಹೊರತಂದಿತು. ಎಫ್‌ಒಬಿಯಲ್ಲಿ ಹೊಣೆ ಕೈ ಬದಲಾಯಿಸುತ್ತಿದ್ದ ಜಾಗ ಹಡಗಿನ ಅಂಚಿನ ಕಟಕಟೆ. ಕ್ರೇನಿನ ಕೊಕ್ಕೆಗೆ ತೂಗಿದ ಕಾಫಿ ಮೂಟೆಗಳ ಕಟ್ಟು ಕಟಕಟೆ ದಾಟುವ ಮೊದಲೇ ಹಗ್ಗ ಹರಿದು ದಕ್ಕೆಯ ಮೇಲೆ ಬಿದ್ದರೆ ನಷ್ಟ ಮಾರಿದವನದು. ಒಂದು ಗೇಣು ಮುಂದೆ ಹೋಗಿ ಡೆಕ್ಕಿನ ಮೇಲೆ ಬಿದ್ದರೆ ಕೊಂಡವನದು. ಗಾಳಿಯಲ್ಲಿ ತೂಗಾಡುವ ಸರಕಿಗೆ ಕಣ್ಣಿಗೆ ಕಾಣದ ಗಡಿಗೆರೆ ಎಳೆದ ಈ ನಿಯಮ 70 ವರ್ಷಕ್ಕೂ ಹೆಚ್ಚು ಕಾಲ ಬಾಳಿತು. 2010ರ ಆವೃತ್ತಿ ಕಟಕಟೆಯನ್ನು ತೆಗೆದುಹಾಕಿ, ಸರಕು ಹಡಗಿನ ಮೇಲೆ ಇಳಿದಾಗಲೇ ಹೊಣೆ ದಾಟುತ್ತದೆ ಎಂದಿತು. ಕಂಟೇನರ್‌ಗೆ ಇದು ಒಗ್ಗುವುದಿಲ್ಲ. ಬೆಂಗಳೂರಿನ ಒಳನಾಡು ಕಂಟೇನರ್ ಡಿಪೋದಲ್ಲಿ ಒಪ್ಪಿಸಿದ ಪೆಟ್ಟಿಗೆ ಸಮುದ್ರ ಕಾಣುವುದಕ್ಕೆ ಬಹಳ ಮುಂಚೆಯೇ ರಫ್ತುದಾರನ ಕೈಬಿಟ್ಟಿರುತ್ತದೆ. ಅಂಥ ಸರಕಿಗೆ ಸಾಗಣೆದಾರನಿಗೆ ಒಪ್ಪಿಸಿದಾಗಲೇ ಹೊಣೆ ದಾಟುವ ಎಫ್‌ಸಿಎ ಬಳಸಿ ಎಂದು ಮಂಡಳಿ ಹೇಳುತ್ತ ಬಂದಿದ್ದರೂ ರೂಢಿಯ ಬಲದಿಂದ ಎಫ್‌ಒಬಿ ಎಂದೇ ಬರೆಯುವವರು ಇಂದಿಗೂ ಇದ್ದಾರೆ.

ಆಕಾಶದ ಮಾತಿಗೆ ಇನ್ನೂ ಅವಸರವಿತ್ತು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಅವರಿಗೆ ಅಪಾಯದ ಕರೆಗೊಂದು ಪದ ಸೂಚಿಸುವ ಕೆಲಸ ಬಂತು. ಅಲ್ಲಿಂದ ಹೆಚ್ಚಿನ ವಿಮಾನಗಳು ಓಡಾಡುತ್ತಿದ್ದದ್ದು ಪ್ಯಾರಿಸ್ಸಿಗೆ. ‘ನನಗೆ ನೆರವಾಗಿ’ ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಕ್ಕೆ ಹತ್ತಿರವಾದ ‘ಮೇಡೇ’ ಹುಟ್ಟಿದ್ದು ಹಾಗೆ. ಮೂರು ಸಲ ಹೇಳಬೇಕು, ಮಾಮೂಲಿ ಮಾತಿನ ನಡುವೆ ಅದು ಕಳೆದುಹೋಗದಿರಲಿ ಎಂದು.

ಅಕ್ಷರಗಳಿಗೂ ಹೀಗೆಯೇ ಹೆಸರುಗಳನ್ನು ಹುಡುಕಬೇಕಾಯಿತು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ಜಾನ್-ಪಾಲ್ ವಿನೇ ಅವರ ನೆರವಿನಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಹಲವು ದೇಶದವರ ನಾಲಿಗೆ ಮತ್ತು ಕಿವಿಗಳ ಮೇಲೆ ಪದಗಳನ್ನು ಪರೀಕ್ಷಿಸಿ ನೋಡಿತು. 1956ರ ಮಾರ್ಚ್‌ನಲ್ಲಿ ಇಂದಿನ ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿ ಜಾರಿಗೆ ಬಂತು. ಬೆಂಗಳೂರಿನ ಮೇಲೆ ಹಾರುವ ಭಾರತದ ಪ್ರತಿ ನಾಗರಿಕ ವಿಮಾನದ ನೋಂದಣಿಯೂ ಈ ಪಟ್ಟಿಯ ವಿಕ್ಟರ್, ಟ್ಯಾಂಗೊಗಳಿಂದ ಆರಂಭ. ಅಂಕಿಗಳಿಗೂ ಕತ್ತರಿ ಬಿತ್ತು. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’. ಆಕ್ಸ್‌ಫರ್ಡಿನಲ್ಲಿ ಓದಿದ ಪೈಲಟ್ ಕೂಡ ಹೀಗೆಯೇ ಉಚ್ಚರಿಸಬೇಕು.

ಇಷ್ಟೆಲ್ಲ ಇದ್ದೂ 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ 583 ಜನ ಸತ್ತರು. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ವಿಮಾನಗಳನ್ನು ಇಲ್ಲಿನ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದ್ದರು. ದಟ್ಟ ಮಂಜು. ಒಂದೇ ರನ್‌ವೇಯ ಮೇಲೆ ಕೆಎಲ್‌ಎಮ್ ಮತ್ತು ಪ್ಯಾನ್ ಆ್ಯಮ್ ಕಂಪನಿಗಳ ಎರಡು ಬೋಯಿಂಗ್ 747ಗಳು. ಕಂಟ್ರೋಲರ್ ಕೆಎಲ್‌ಎಮ್‌ಗೆ ಕೊಟ್ಟದ್ದು ಮೇಲೇರಿದ ನಂತರ ಹಿಡಿಯಬೇಕಾದ ಮಾರ್ಗದ ಅನುಮತಿ ಮಾತ್ರ; ಆದರೆ ಆ ವಾಕ್ಯದೊಳಗೆ ‘ಟೇಕ್ ಆಫ್’ ಎಂಬ ಪದ ಬಂದುಹೋಯಿತು. ಸಹಪೈಲಟ್ ಮಾರ್ಗವನ್ನು ಮರಳಿ ಓದಿ, ತಾವೀಗ ಟೇಕ್ ಆಫ್‌ನಲ್ಲಿದ್ದೇವೆ ಎಂದು ಮುಗಿಸಿದರು. ಓಡಲು ಶುರು ಮಾಡಿದ್ದೇವೆ ಎಂದು ಅವರ ಭಾವ. ಓಡುವ ಜಾಗದಲ್ಲಿ ಸಿದ್ಧವಾಗಿ ನಿಂತಿದ್ದಾರೆ ಎಂದು ಕಂಟ್ರೋಲರ್ ಗ್ರಹಿಕೆ. ಅವರು ‘ಓಕೆ’ ಎಂದರು, ಬೆನ್ನಿಗೇ ಕಾಯಲು ಹೇಳಿದರು. ಅದೇ ಕ್ಷಣ ಪ್ಯಾನ್ ಆ್ಯಮ್‌ನವರು ತಾವಿನ್ನೂ ರನ್‌ವೇ ಮೇಲೇ ಇದ್ದೇವೆಂದು ಕೂಗಿದರು. ಎರಡು ದನಿಗಳು ಒಂದೇ ತರಂಗದಲ್ಲಿ ಡಿಕ್ಕಿ ಹೊಡೆದು ಕೆಎಲ್‌ಎಮ್ ಕಾಕ್‌ಪಿಟ್‌ನಲ್ಲಿ ಬರೀ ಶಿಳ್ಳೆಯಂಥ ಕೀರಲು ಸದ್ದು ಕೇಳಿತು. ಎದುರು ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಎಂದರು.

ಅಲ್ಲಿದ್ದ ಯಾರಿಗೂ ಇಂಗ್ಲಿಷ್ ಬಾರದೆ ಇರಲಿಲ್ಲ. ಮಾಮೂಲಿ ಇಂಗ್ಲಿಷ್ ಸಾಲದು ಎಂಬುದು ಅಲ್ಲಿ ಗೊತ್ತಾಯಿತು. ಇಂದು ‘ಟೇಕ್ ಆಫ್’ ಎಂಬ ಪದ ರೇಡಿಯೋದಲ್ಲಿ ಬರುವುದು ಮೇಲೇರುವ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ. ಬೇರೆಲ್ಲ ಕಡೆ ‘ಡಿಪಾರ್ಚರ್’. ‘ಓಕೆ’ಯೊಂದೇ ಉತ್ತರವಾಗಲು ಬಿಡುವುದಿಲ್ಲ, ಕೇಳಿದ್ದನ್ನು ಮರಳಿ ಹೇಳಬೇಕು.

1990ರ ಜನವರಿ 25ರಂದು ಕೊಲಂಬಿಯದ ಆವಿಯಾಂಕ ವಿಮಾನ ನ್ಯೂಯಾರ್ಕಿನಲ್ಲಿ ಇಳಿಯಲು ಕಾಯುತ್ತ ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತುಹಾಕಿ ಇಂಧನ ಮುಗಿದು ಲಾಂಗ್ ಐಲೆಂಡಿನಲ್ಲಿ ಬಿತ್ತು. 73 ಮಂದಿ ಸತ್ತರು. ಇಂಧನ ಮುಗಿಯುತ್ತಿದೆ, ಪ್ರಯಾರಿಟಿ ಬೇಕು ಎಂದು ಸಹಪೈಲಟ್ ಹೇಳಿದ್ದರು. ‘ಎಮರ್ಜೆನ್ಸಿ’ ಎಂದಾಗಲಿ ‘ಮೇಡೇ’ ಎಂದಾಗಲಿ ಹೇಳಲಿಲ್ಲ. ಆ ಒಂದು ಪದ ಬಂದಿದ್ದರೆ ಎದುರಿನ ವಿಮಾನಗಳನ್ನೆಲ್ಲ ಸರಿಸಿ ದಾರಿ ಮಾಡುತ್ತಿದ್ದರು.

ಭಾರತದ ಸರದಿ 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಹೊರಟ ಸೌದಿ ಅರೇಬಿಯದ ಬೋಯಿಂಗ್ 747 ಮೇಲೇರುತ್ತಿತ್ತು, ಕಜಾಕಿಸ್ತಾನದ ಇಲ್ಯೂಶಿನ್-76 ದೆಹಲಿಗೆ ಇಳಿಯುತ್ತಿತ್ತು. ಸೌದಿ ವಿಮಾನದಲ್ಲಿದ್ದವರಲ್ಲಿ ಬಹಳ ಮಂದಿ ಹೊಟ್ಟೆಪಾಡಿಗೆ ಕೊಲ್ಲಿ ದೇಶಕ್ಕೆ ಹೊರಟ ಭಾರತೀಯರು. ಹೋಗುವವರಿಗೂ ಬರುವವರಿಗೂ ಆಗ ಒಂದೇ ವಾಯುಮಾರ್ಗ. ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಎತ್ತರಕ್ಕೆ ಪೈಲಟ್‌ನ ಮಾತೇ ಆಧಾರ. ಕಜಾಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಗೊತ್ತುಮಾಡಿದ್ದರು. ಎದುರಿನಿಂದ ವಿಮಾನ ಬರುತ್ತಿದೆ, ಅದರ ಎತ್ತರ ಇಷ್ಟು ಎಂದು ಕಂಟ್ರೋಲರ್ ಎಚ್ಚರಿಸಿದ್ದರು. ಇಲ್ಯೂಶಿನ್‌ನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವನು ಹಿಂದೆ ಕೂತ ರೇಡಿಯೋ ಆಪರೇಟರ್. ಎತ್ತರ ನೋಡಬೇಕಾದರೆ ಅವನು ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜೀವಗಳು ಹೋದವು, ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ತನಿಖೆ, ಅನುಮತಿಯಿಲ್ಲದೆ ಇಳಿದದ್ದೇ ಮೂಲ ಕಾರಣವೆಂದಿತು. ಕಜಾಕ್ ಸಿಬ್ಬಂದಿಯ ಇಂಗ್ಲಿಷ್ ಸಾಲದೆ ಸೂಚನೆಯನ್ನು ತಪ್ಪಾಗಿ ತಿಳಿದದ್ದನ್ನೂ ಅದರ ಹಿಂದಿನ ಕಾರಣಗಳಲ್ಲಿ ಸೇರಿಸಿತು.

ಜಗತ್ತಿನ ಪೈಲಟ್‌ಗಳು ಇಂದು ಎದುರಿಸುವ ಇಂಗ್ಲಿಷ್ ಪರೀಕ್ಷೆಯ ಬೇರು ಈ ದುರಂತದಲ್ಲಿದೆ. 1998ರಲ್ಲಿ ಐಸಿಎಒ ಮಹಾಸಭೆ ಭಾಷಾ ಸಾಮರ್ಥ್ಯದ ಬಗ್ಗೆ ನಿರ್ಣಯ ಮಾಡಿತು, 2003ರಲ್ಲಿ ನಿಯಮ ಬಂತು, 2008ರ ಮಾರ್ಚ್‌ನಿಂದ ಅನ್ವಯವಾಯಿತು. ಉಚ್ಚಾರ, ವಾಕ್ಯರಚನೆ, ಪದಸಂಪತ್ತು, ಸರಾಗತೆ, ಗ್ರಹಿಕೆ, ಸಂವಾದ ಎಂಬ ಆರನ್ನೂ ಅಳೆದು ಆರು ಮಟ್ಟಗಳಲ್ಲಿ ಅಂಕ ಕೊಡುತ್ತಾರೆ. ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ ನಾಲ್ಕನೇ ಮಟ್ಟ ಬೇಕು. ಆರರಲ್ಲಿ ಯಾವುದು ಕಡಿಮೆಯೋ ಅದೇ ಒಟ್ಟು ಮಟ್ಟ. ಪದಸಂಪತ್ತು ಎಷ್ಟಿದ್ದರೂ ಕೇಳಿ ತಿಳಿಯುವ ಶಕ್ತಿ ಇಲ್ಲದಿದ್ದರೆ ಪಾಸಾಗುವುದಿಲ್ಲ.

ಪದಪಟ್ಟಿ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರ ಕೈ ಎಲ್ಲಿಯವರೆಗೆ ಚಾಚೀತು ಎಂಬುದನ್ನು ಕರಾವಳಿಯವರು ಕಂಡಿದ್ದಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಇಳಿಯದೆ ಮತ್ತೆ ಮೇಲೇರಿ ಎನ್ನಲು ಇರುವ ‘ಗೋ ಅರೌಂಡ್’ ಎಂಬ ನಿಗದಿತ ಮಾತನ್ನು ಸಹಪೈಲಟ್ ಸಮಯಕ್ಕೆ ಸರಿಯಾಗಿ, ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ವಿದೇಶಿ ಕ್ಯಾಪ್ಟನ್‌ಗೆ ಅದು ಅರ್ಥವಾಗದ ಮಾತಲ್ಲ. ಅವರು ಇಳಿಸುವುದನ್ನು ಮುಂದುವರಿಸಿದರು. ಕಿರಿಯರು ಹೇಳಿದ ಮಾತಿಗೆ ಹಿರಿಯರು ಕಿವಿಗೊಡುವುದನ್ನೂ ಅಭ್ಯಾಸ ಮಾಡಿಸಬೇಕೆಂದು ವಿಮಾನಯಾನ ಕಂಪನಿಗಳು ಪ್ರತ್ಯೇಕ ತರಬೇತಿ ಕೊಡುವುದು ಇಂಥ ಕಾರಣಕ್ಕೇ.

ಮಾತನ್ನು ನಿಗದಿಪಡಿಸುವ ಕೆಲಸ ಸಮುದ್ರದಲ್ಲೂ ನಡೆಯುತ್ತಿತ್ತು. ಬ್ರಿಟನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ನಾವಿಕರೂ ಭಾಷಾಶಾಸ್ತ್ರಜ್ಞರೂ ಸೇರಿ ‘ಸೀಸ್ಪೀಕ್’ ಎಂಬ ಕಡಲಿಂಗ್ಲಿಷ್ ರೂಪಿಸಿದರು. ಮುಂದೆ ಬರುವುದು ಪ್ರಶ್ನೆಯೋ, ಎಚ್ಚರಿಕೆಯೋ, ಸೂಚನೆಯೋ ಎಂಬುದನ್ನು ವಾಕ್ಯಕ್ಕೆ ಮೊದಲೇ ಹೇಳಿಬಿಡುವುದು ಅದರ ಜಾಣತನ. ‘ಕ್ವೆಶ್ಚನ್’ ಎಂದು ಕೇಳಿದ ಕೂಡಲೇ ಉತ್ತರ ಕೊಡಬೇಕೆಂದು ಎದುರಿನವನ ಮನಸ್ಸು ಸಜ್ಜಾಗುತ್ತದೆ. 1990ರ ಏಪ್ರಿಲ್‌ನಲ್ಲಿ ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ಬೆಂಕಿ ಬಿದ್ದಾಗ ಸಿಬ್ಬಂದಿ ಮತ್ತು ಪ್ರಯಾಣಿಕರ ನಡುವೆ ಸಮಾನ ಭಾಷೆಯಿಲ್ಲದೆ ಪಾರುಗಾಣಿಕೆ ತೊಡಕಾಯಿತು. 159 ಮಂದಿ ಸತ್ತರು. 2001ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಎಸ್‌ಎಮ್‌ಸಿಪಿ ಎಂಬ ನುಡಿಗಟ್ಟುಗಳ ಸಂಗ್ರಹವನ್ನು ಅಂಗೀಕರಿಸಿತು. ‘ಮೇ’, ‘ಮೈಟ್’, ‘ಶುಡ್’ ಥರದ ಎರಡರ್ಥದ ಪದಗಳಿಗೆ ಅದರಲ್ಲಿ ಎಚ್ಚರಿಕೆ ಇದೆ. ಹಡಗು ಸಾಗುವ ದಿಕ್ಕನ್ನು ಅಂಕಿ ಬಿಡಿಸಿ ಹೇಳಬೇಕು: 150 ಡಿಗ್ರಿ ಎಂದರೆ ‘ಒನ್-ಫೈವ್-ಝೀರೊ’. ಹದಿನೈದು, ಐವತ್ತುಗಳ ಇಂಗ್ಲಿಷ್ ಹೆಸರು ಗದ್ದಲದಲ್ಲಿ ಒಂದರಂತೆ ಇನ್ನೊಂದು ಕೇಳಿಸಿದ ಅನುಭವ ಎಲ್ಲರಿಗೂ ಉಂಟು.

ಕರಾವಳಿಯ ಹುಡುಗನೊಬ್ಬ ಇಂದು ಮರ್ಚೆಂಟ್ ನೇವಿಗೆ ಸೇರಿದರೆ ಫಿಲಿಪೀನ್ಸ್‌ನವರು, ಉಕ್ರೇನಿನವರು, ಚೀನೀಯರು ಅವನ ಜೊತೆಗಾರರು. ಕಾವಲಿನ ಹೊಣೆ ಹೊರುವ ಅಧಿಕಾರಿಯಾಗಬೇಕಾದರೆ ಈ ನುಡಿಗಟ್ಟುಗಳು ಅವನ ಬಾಯಲ್ಲಿರಬೇಕು. ಅಧಿಕಾರಿ ‘ಪೋರ್ಟ್ ಟೆನ್’ (ಚುಕ್ಕಾಣಿ ಎಡಕ್ಕೆ ಹತ್ತು ಡಿಗ್ರಿ) ಎಂದರೆ ಚಕ್ರ ಹಿಡಿದವನು ಅದನ್ನೇ ಮರಳಿ ಹೇಳಬೇಕು. ಮುಂದಿನ ಅಪ್ಪಣೆ ಬರುವ ತನಕ ಚುಕ್ಕಾಣಿ ಅಲ್ಲೇ ಇರಬೇಕು. ಚಕ್ರ ತಿರುಗಿಸಿದರೂ ಹಡಗು ತಿರುಗದಿದ್ದರೆ ಕೂಡಲೇ ಹೇಳಬೇಕು. ಅಪ್ಪಣೆ ಕೊಟ್ಟ ಅಧಿಕಾರಿ ಲಂಡನ್ನಿನವನಾಗಿದ್ದರೂ ಅವನಿಗೂ ಇದೇ ಪುಸ್ತಕ.